ಫೆಡೆರಿಕೊ ಕಾಪ್ರಿಲ್ಲಿ: ಅಶ್ವದಳದಿಂದ ಕ್ರೀಡಾಂಗಣಕ್ಕೆ

ಯುದ್ಧವಿದ್ಯೆಯ ಅಂಗವಾಗಿದ್ದ ಕುದುರೆ ಸವಾರಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪರ್ಧಾತ್ಮಕ ಕ್ರೀಡೆಯ ರೂಪವನ್ನು ತಳೆಯತೊಡಗಿತು. ಈ ಸ್ಥಿತ್ಯಂತರದ ಸ್ವರೂಪವನ್ನು ಅರಿಯಲು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿಯ ಜೀವನ ಉತ್ತಮ ನಿದರ್ಶನವಾಗಿದೆ. ಎತ್ತರ ಜಿಗಿತದ ದಾಖಲೆವೀರನೆಂದು ಅವನನ್ನು ಸ್ಮರಿಸುವುದುಂಟು. ಆದರೆ ಸ್ಪರ್ಧೆಯು ಅವನಿಗೆ ಗುರಿಯಾಗಿರಲಿಲ್ಲ. ತನ್ನ ಸಿದ್ಧಾಂತಕ್ಕೆ ಒದಗಿದ ಪ್ರಮಾಣವಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಕಾಪ್ರಿಲ್ಲಿ 1868ರಲ್ಲಿ ಲಿವೊರ್ನೊ ನಗರದಲ್ಲಿ ಜನಿಸಿದನು. ಸೈನಿಕ ಶಿಕ್ಷಣವನ್ನು ಪಡೆದು ಅಶ್ವದಳವನ್ನು ಸೇರಿದ ಅವನ ಹೆಸರು ಟ್ಯೂರಿನ್ ಸಮೀಪದ ಪಿನೆರೊಲೊ ಹಾಗೂ ರೋಮ್ ಸಮೀಪದ ಟೊರ್ ದಿ ಕ್ವಿಂಟೊ ಸವಾರಿ ಶಾಲೆಗಳೊಡನೆ ಬೆರೆತುಹೋಗಿದೆ. ಅಂದಿನ ಕ್ರಮದಲ್ಲಿ ಸವಾರನು ಉದ್ದನೆಯ ರಿಕಾಪುಗಳಲ್ಲಿ ಕಾಲಿರಿಸಿ, ಜಿಗಿಯುವಾಗ ದೇಹವನ್ನು ಹಿಂದಕ್ಕೆ ವಾಲಿಸಿ ಲಗಾಮನ್ನು ಎಳೆಯುತ್ತಿದ್ದನು. ಅವನ ಭಾರವೆಲ್ಲ ಕುದುರೆಯ ಸೊಂಟದ ಮೇಲೆ ಬೀಳುತ್ತಿತ್ತು, ಬಾಯಿಗೆ ನೋವಾಗುತ್ತಿತ್ತು, ಹೀಗಾಗಿ ಪ್ರಾಣಿಯು ಅಡೆತಡೆಗೆ ಬೆದರುತ್ತಿತ್ತು.

ಸವಾರನಿಲ್ಲದ ಕುದುರೆಯು ಹೇಗೆ ಜಿಗಿಯುತ್ತದೆ ಎಂಬುದನ್ನೇ ಕಾಪ್ರಿಲ್ಲಿ ತನ್ನ ವಿಚಾರಕ್ಕೆ ಆಧಾರವಾಗಿ ಇಟ್ಟುಕೊಂಡನು. ರಿಕಾಪುಗಳನ್ನು ಗಿಡ್ಡವಾಗಿಸಿ, ಆಸನವನ್ನು ಜೀನಿನಿಂದ ಎತ್ತಿ, ಮುಂದಕ್ಕೆ ಬಾಗಿ, ಕುದುರೆಯ ಕತ್ತು ಚಾಚಿದಂತೆ ಕೈಗಳನ್ನೂ ಮುಂದೆ ಬಿಡುವುದು ಅವನ ವಿಧಾನ. ಕುದುರೆಯು ಸವಾರನಿಗೆ ಹೊಂದಿಕೊಳ್ಳುವ ಬದಲು ಸವಾರನೇ ಕುದುರೆಯ ಸಹಜ ಸಮತೋಲನಕ್ಕೆ ಹೊಂದಿಕೊಳ್ಳಬೇಕೆಂಬುದು ಇದರ ಸಾರ. ಅಧಿಕಾರ ಮತ್ತು ವಿಧೇಯತೆಗಳ ಮೇಲೆ ನಿಂತ ಸೈನಿಕ ಪರಂಪರೆಯೊಳಗೇ ಈ ವಿಚಾರ ಹುಟ್ಟಿತೆಂಬುದು ಗಮನಾರ್ಹ.

1900ರ ಪ್ಯಾರಿಸ್ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಇಟಲಿಯ ಟ್ರಿಸ್ಸಿನೊ ಮತ್ತು ಫ್ರಾನ್ಸಿನ ಗಾರ್ದೇರ್ 1.85 ಮೀಟರ್ ಜಿಗಿದು ಪ್ರಥಮ ಸ್ಥಾನವನ್ನು ಹಂಚಿಕೊಂಡಿದ್ದರು. 1902ರಲ್ಲಿ ಟ್ಯೂರಿನ್ನಿನಲ್ಲಿ ಕಾಪ್ರಿಲ್ಲಿಯು ಮೆಲೊಪ್ಪೊ ಎಂಬ ಕುದುರೆಯ ಮೇಲೆ 2.08 ಮೀಟರ್ ದಾಟಿದನು. ಈ ಅಂಕಿಗಳ ಅಂತರಕ್ಕಿಂತ, ವಾದವೊಂದನ್ನು ಸಾರ್ವಜನಿಕರ ಕಣ್ಣೆದುರು ಪರೀಕ್ಷೆಗೆ ಒಡ್ಡಲು ಸ್ಪರ್ಧಾಕಣವು ನೆರವಾದುದು ನಮಗೆ ಮುಖ್ಯವೆನಿಸುತ್ತದೆ.

ಅವನು ಬರೆದುದು ಅಲ್ಪ. ಬಯಲು ಸವಾರಿಯ ತತ್ತ್ವಗಳನ್ನು ಕುರಿತ ಅವನ ಲೇಖನವು 1901ರಲ್ಲಿ ಅಶ್ವದಳದ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. 1907ರ ಡಿಸೆಂಬರಿನಲ್ಲಿ ಟ್ಯೂರಿನ್ನಿನಲ್ಲಿ ಕುದುರೆಯಿಂದ ಬಿದ್ದು ತನ್ನ 39ನೆಯ ವಯಸ್ಸಿನಲ್ಲಿ ಅವನು ಮೃತನಾದನು. ಅವನ ವಿದ್ಯೆ ಉಳಿದುದು ಗ್ರಂಥಗಳಿಗಿಂತ ಹೆಚ್ಚಾಗಿ ಶಿಷ್ಯರಲ್ಲಿ. ಪಿನೆರೊಲೊದಲ್ಲಿ ಕಲಿತ ರಷ್ಯದ ಪಾಲ್ ರೊಡ್ಜಿಯಾಂಕೊ, ಟೊರ್ ದಿ ಕ್ವಿಂಟೊದಲ್ಲಿ ಕಲಿತ ಅಮೆರಿಕದ ಹ್ಯಾರಿ ಚೇಂಬರ್ಲಿನ್ ಮೊದಲಾದ ಸೇನಾಧಿಕಾರಿಗಳು ಅದನ್ನು ತಮ್ಮ ದೇಶಗಳಿಗೆ ಒಯ್ದರು. ಚೇಂಬರ್ಲಿನ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಜಿಗಿತ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಪಡೆದನು.

ಯಂತ್ರಯುಗದ ಯುದ್ಧವು ಅಶ್ವದಳವನ್ನು ನಿರುಪಯುಕ್ತವಾಗಿಸಿತು. ಯುದ್ಧಭೂಮಿಯ ಅಗತ್ಯಕ್ಕಾಗಿ ರೂಪಿಸಿದ ಆಸನವು ಇಂದು ಕ್ರೀಡಾಂಗಣದಲ್ಲಿ ಮಾತ್ರ ಜೀವಂತವಾಗಿದೆ. ಸಂಸ್ಥೆಯೊಂದು ಅಳಿದರೂ ಅದರ ವಿದ್ಯೆ ಅನ್ಯ ನೆಲೆಯಲ್ಲಿ ಉಳಿಯಬಲ್ಲದು. ಲಿಖಿತ ದಾಖಲೆಗಳನ್ನಷ್ಟೇ ನೆಚ್ಚಿದ ಚರಿತ್ರಕಾರನಿಗೆ ಇಂತಹ ಬಾಳುವೆ ಅರ್ಧ ಮಾತ್ರ ಕಾಣಿಸೀತು. ಉಳಿದರ್ಧವನ್ನು ಶಿಷ್ಯಪರಂಪರೆಯಲ್ಲಿ ಅರಸಬೇಕಾಗುತ್ತದೆ.