ನೆಲುವು: ಮನೆಯ ಸಿಂಗಾರ

ನಮ್ಮ ಗುಂಜೋಟಿಗೆ ದೂರವಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದ ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು, ಬಂದ ಹಣದಿಂದ ದಾಸೋಹ ನಡೆಸಿದರು. 'ನುಲಿ' ಎಂದರೆ ಹೊಸೆದ ಹುರಿ. ಕಾಯಕವೇ ಅವರ ಹೆಸರಾಯಿತು.

ಈ ಸೀಮೆಯಲ್ಲಿ ಪುಂಡಿಯ ಎಲೆ ಪಲ್ಯಕ್ಕೆ, ದಂಟು ನಾರಿಗೆ. ದಂಟನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು ಒಣಗಿಸಿ, ಹುರಿ ಹೊಸೆಯುವರು. ಅದರಿಂದ ಹೆಣೆದ ನೆಲುವು ತೊಲೆಯಿಂದ ತೂಗುತ್ತ, ಹಾಲು ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿನ ಬಾಯಿಂದ ಕಾಯುತ್ತಿತ್ತು. ಅದರ ಹೆಣಿಗೆಯೇ ಮನೆಗೆ ಸಿಂಗಾರವಾಗಿತ್ತು.

ಹೈದರಾಬಾದು ರಾಜ್ಯದಲ್ಲಿ ಒಂದಾಗಿದ್ದ ಈ ಊರುಗಳಲ್ಲಿ, 1956ರಲ್ಲಿ ಕಲ್ಯಾಣವು ಮೈಸೂರಿಗೂ ಗುಂಜೋಟಿಯು ಮುಂಬಯಿ ರಾಜ್ಯಕ್ಕೂ ಸೇರಿದವು. ಪುಂಡಿಗೆ ಮರಾಠಿಯಲ್ಲಿ ಅಂಬಾಡಿ, ನೆಲುವಿಗೆ ಶಿಂಕೆ ಎನ್ನುವರು. ಹೆಣಿಗೆ ಇಬ್ಬರದೂ ಹೌದು. ಆದರೆ ನೆಲುವೇ ಕಾಣದ ಮನೆಯಲ್ಲಿ ಮಕ್ಕಳಿಗೆ ಅದರ ಕನ್ನಡ ಹೆಸರು ತಿಳಿಯುವುದೆಂತು? ವಿದ್ಯಾರ್ಥಿಗಳೇ, ಹಿರಿಯರಿಂದ ಕಲಿತು, ಒಂದನ್ನಾದರೂ ಹೆಣೆದು ಶಾಲೆಗೆ ತನ್ನಿರಿ.