ತಾಳಗುಂದದ ಶಾಸನವೂ ಕೈಯ ಚಿಕಿತ್ಸೆಯೂ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವನ್ನು ನಮ್ಮ ವಾಚಕರು ಬಲ್ಲರು. 1894ರಲ್ಲಿ ರೈಸ್ ಸಾಹೇಬರು ಅದನ್ನು ವಿದ್ವಾಂಸರ ಗಮನಕ್ಕೆ ತಂದಂದಿನಿಂದ ಕದಂಬರ ಮೂಲವನ್ನು ಅರಸುವವರಿಗೆಲ್ಲ ಅದೇ ಆಧಾರವಾಗಿದೆ. ರಾಜವಂಶದ ಕಥೆಯಲ್ಲದೆ ಅಲ್ಲಿ ಮನುಷ್ಯನ ಕೈಯ ಪ್ರಶಂಸೆಯೂ ಉಂಟು. ಕಂಚಿಯಲ್ಲಿ ಪಲ್ಲವರ ರಾವುತನೊಡನೆ ಆದ ಕಲಹದಿಂದ ನೊಂದ ಮಯೂರಶರ್ಮನು, ದರ್ಭೆ ಸಮಿತ್ತುಗಳನ್ನು ಹಿಡಿದು ಪಳಗಿದ್ದ ಕೈಯಿಂದಲೇ ಖಡ್ಗವನ್ನು ಹಿರಿದನೆಂದು ಕವಿ ಕುಬ್ಜನು ವರ್ಣಿಸುತ್ತಾನೆ. ಶಾಂತಿವರ್ಮನ ಆಜ್ಞೆಯಂತೆ ಆ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದುದಾಗಿಯೂ ಹೇಳಿಕೊಳ್ಳುತ್ತಾನೆ. ಯಜ್ಞ, ಯುದ್ಧ, ಲೇಖನ, ಈ ಮೂರಕ್ಕೂ ಕೈಯೇ ಸಾಧನವಷ್ಟೆ.

ಅಂಥ ಕೈ ಮುರಿದರೆ ಅದನ್ನು ಕೆಲಸಕ್ಕೆ ಮರಳಿಸುವ ಬಗೆ ಯಾವುದು? ಶಾಸನವು ಈ ವಿಚಾರದಲ್ಲಿ ಮೌನವಾಗಿದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯವು ಮಾತ್ರ ಸ್ಪಷ್ಟವಾಗಿ ನುಡಿಯುತ್ತದೆ. ಮುರಿದ ಅಥವಾ ಕೀಲು ತಪ್ಪಿದ ಬೆರಳನ್ನು ನೇರವಾಗಿ ನಿಲ್ಲಿಸಿ, ತೆಳುವಾದ ಬಟ್ಟೆಯ ಪಟ್ಟಿಯಿಂದ ಸುತ್ತಿ, ತುಪ್ಪವನ್ನು ಸುರಿಯಬೇಕು. ಕಟ್ಟು ಸಡಿಲವಾದರೆ ಸಂಧಿಗೆ ಸ್ಥೈರ್ಯ ಬಾರದು. ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವುವು. ತಂಪಾದ ಋತುಗಳಲ್ಲಿ 7 ದಿನಗಳಿಗೊಮ್ಮೆ, ಸಾಧಾರಣ ಋತುಗಳಲ್ಲಿ 5 ದಿನಗಳಿಗೊಮ್ಮೆ, ಬೇಸಗೆಯಲ್ಲಿ 3 ದಿನಗಳಿಗೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕು. ಸಂಧಿಯು ಗಟ್ಟಿಯಾಗಲು ಎಳೆಯರಿಗೆ 1 ತಿಂಗಳು, ನಡುವಯಸ್ಸಿನವರಿಗೆ ಅದರ ಎರಡರಷ್ಟು, ಮುದುಕರಿಗೆ ಮೂರರಷ್ಟು ಕಾಲ ಹಿಡಿಯುವುದು.

ಇದಕ್ಕಿಂತ ಹೆಚ್ಚಿನ ಮಾತು ಅಂಗೈಯ ವಿಚಾರದಲ್ಲಿದೆ. ಮುರಿದ ಅಂಗೈ ಕೂಡಿಕೊಂಡ ಮೇಲೆ ರೋಗಿಯು ಮೊದಲು ಮಣ್ಣಿನ ಉಂಡೆಯಂಥ ಮೆತ್ತನೆಯ ವಸ್ತುವನ್ನು ಹಿಡಿಯಬೇಕು. ಕೈಗೆ ಬಲ ಬಂದ ತರುವಾಯವೇ ಕಲ್ಲನ್ನು ಹಿಡಿಯಬೇಕು. ಮೂಳೆ ಕೂಡಿದರೆ ಕೈ ಬಂದಂತಲ್ಲ. ಹಿಡಿತವನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿ ಗಳಿಸಬೇಕೆಂಬುದೇ ಇದರ ತಾತ್ಪರ್ಯ.

ಈ ತತ್ತ್ವವೇ ನೆರೆನಾಡಿನ ವೆಲ್ಲೂರಿನಲ್ಲಿ ಹೊಸ ರೂಪದಿಂದ ಕಾಣಿಸಿಕೊಂಡಿತು. ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿನ ಡಾಕ್ಟರ್ ಪಾಲ್ ಬ್ರ್ಯಾಂಡರು 1948ರ ಹೊತ್ತಿಗೆ ಕುಷ್ಠದಿಂದ ಮಡಿಸಿಹೋದ ಬೆರಳುಗಳಿಗೆ ಬೇರೆಡೆಯ ಸ್ನಾಯುರಜ್ಜುಗಳನ್ನು ಜೋಡಿಸಿ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಹೀಗೆ ಜೋಡಿಸಿದ ರಜ್ಜುವಿಗೆ ಅದರ ಹೊಸ ಕೆಲಸವನ್ನು ಕಲಿಸಲು ಅಭ್ಯಾಸವು ಅವಶ್ಯಕ. ಗುಣವಾದವರು ಕೈಗೆಲಸವನ್ನು ಕಲಿಯಲೆಂದು ನವಜೀವನ ಕೇಂದ್ರವೂ ಏರ್ಪಟ್ಟಿತು. ಸ್ಪರ್ಶಜ್ಞಾನವಿಲ್ಲದ ಕೈಗೆ ಗಾಯವಾದರೂ ತಿಳಿಯದು. ಆದುದರಿಂದ ಅದನ್ನು ದಿನವೂ ಕಣ್ಣಿನಿಂದ ಪರೀಕ್ಷಿಸಿ ಕಾಪಾಡಬೇಕೆಂಬುದು ಅವರ ಬೋಧೆ.

ನಮ್ಮ ಸೀಮೆಯ ಮನೆಗಳಿಗೆ ಈ ಇತಿಹಾಸವು ದೂರದ ಮಾತಲ್ಲ. ಅಡಕೆ ಸುಲಿಯುವಾಗ ಬೆರಳು ಕೊಯ್ಯುವುದು, ತೋಟದ ಸಾರದಲ್ಲಿ ಜಾರಿ ಅಂಗೈಯೂರಿ ಬಿದ್ದು ಮಣಿಕಟ್ಟು ಮುರಿಯುವುದು ಅಪರೂಪವಲ್ಲ. ಕಟ್ಟು ಹಾಕಿಸಿದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸಿದರೆ ಬಾವು ಇಳಿಯದೆ, ಬೆರಳುಗಳು ಪೆಡಸಾಗಿ, ಮುಷ್ಟಿ ಮುಚ್ಚದಂತಾಗುವುದು. ಕೈಯನ್ನು ಎದೆಗಿಂತ ಎತ್ತರದಲ್ಲಿರಿಸುವುದು, ಕಟ್ಟಿನ ಹೊರಗಿರುವ ಬೆರಳುಗಳನ್ನು ವೈದ್ಯರ ಅನುಮತಿಯಂತೆ ಆಡಿಸುವುದು, ಹೇಳಿದ ದಿನಕ್ಕೆ ತಪ್ಪದೆ ಮರಳಿ ತೋರಿಸುವುದು ಮುಖ್ಯ. ಕಡಿದ ರಜ್ಜುವನ್ನು ಹೊಲಿದಿದ್ದರೆ ಸ್ವೇಚ್ಛೆಯಿಂದ ಬಗ್ಗಿಸಿದಾಗ ಅದು ಮತ್ತೆ ಹರಿಯಬಹುದು. ಸುಮ್ಮನಿರಿಸಿದರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳಬಹುದು. ಕಟ್ಟಿದ ಬೆರಳು ತಣ್ಣಗಾದರೂ, ಮರಗಟ್ಟಿದರೂ, ನೀಲಿಗಟ್ಟಿದರೂ ತಡಮಾಡದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕೈಯ ದುಡಿಮೆಯಿಂದ ನಡೆಯುವ ಸಂಸಾರದಲ್ಲಿ ಒಂದು ಮುಷ್ಟಿ ಮುಚ್ಚದೆ ಹೋದರೆ ಒಲೆಯೇ ಆರೀತು. ಮಣ್ಣಿನುಂಡೆಯಿಂದ ಕಲ್ಲಿನವರೆಗಿನ ಆ ಅವಧಿಯನ್ನು ಸೋಮಾರಿತನವೆಂದು ಹಳಿಯದೆ, ಅದೂ ಚಿಕಿತ್ಸೆಯೇ ಎಂದು ಮನೆಯವರು ತಾಳಿಕೊಳ್ಳುವುದು ಯುಕ್ತ.