ಹಳೆ ಬಾಗಿಲು ಉಜ್ಜಿ ಹೊಸ ಲುಕ್ ಕೊಡುವ ಮುನ್ನ: ಬೆಲ್ಲ ತಿಂದರೆ ಪೇಂಟ್ ಧೂಳು ಹೊರಹೋಗುತ್ತದೆಯೇ?

ಅಜ್ಜಿ ಮನೆಯ ಹಳೆ ಬಾಗಿಲು, ಪದರ ಪದರವಾಗಿ ಎದ್ದಿರುವ ಹಸಿರು ಬಣ್ಣ. ಒಬ್ಬರು ಉಪ್ಪು ಕಾಗದ ಹಿಡಿದು ಉಜ್ಜುತ್ತಾರೆ, ಮೂವತ್ತು ಸೆಕೆಂಡಿನಲ್ಲಿ ಒಳಗಿನ ತೇಗದ ಮರ ಹೊಳೆಯುತ್ತದೆ. ಇಂಥ ರೀಲ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಒಂದು ಸಲಹೆಯೂ ಇರುತ್ತದೆ: ‘ಮುಖಕ್ಕೆ ಟವೆಲ್ ಕಟ್ಟಿಕೊಳ್ಳಿ, ಕೆಲಸ ಮುಗಿದ ಮೇಲೆ ಒಂದು ತುಂಡು ಬೆಲ್ಲ ತಿನ್ನಿ, ಧೂಳೆಲ್ಲ ಹೊರಗೆ ಹೋಗುತ್ತದೆ.’

ಮನೆಯನ್ನು ನಾವೇ ಚಂದ ಮಾಡಿಕೊಳ್ಳುವುದು ಒಳ್ಳೆಯ ಹವ್ಯಾಸವೇ, ಖರ್ಚೂ ಉಳಿಯುತ್ತದೆ. ಆದರೆ ಹಳೆಯ ಬಣ್ಣದ ವಿಷಯದಲ್ಲಿ ಈ ಸಲಹೆ ತಪ್ಪು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಪಾಯಕಾರಿಯೂ ಹೌದು. ಕಾರಣ ಸೀಸ.

ಸೀಸ ಬಣ್ಣಕ್ಕೆ ಬಂದದ್ದು ಹೇಗೆ?

ಸೀಸದ ಸಂಯುಕ್ತಗಳು ಬಣ್ಣಕ್ಕೆ ಗಾಢತೆ ಕೊಡುತ್ತವೆ, ಪೇಂಟ್ ಬೇಗ ಒಣಗಲು ನೆರವಾಗುತ್ತವೆ. ಹಾಗಾಗಿ ಕಿಟಕಿ, ಬಾಗಿಲು, ಗ್ರಿಲ್‌ಗಳಿಗೆ ಬಳಿಯುವ ಎನಾಮಲ್ ಪೇಂಟ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಂಥ ಗಾಢ ಬಣ್ಣಗಳಲ್ಲಿ ಇದರ ಬಳಕೆ ಹೆಚ್ಚಿತ್ತು. ಅಮೆರಿಕ 1978ರಲ್ಲೇ ಮನೆಬಳಕೆಯ ಪೇಂಟ್‌ನಲ್ಲಿ ಸೀಸವನ್ನು ನಿಷೇಧಿಸಿತು. ನಮ್ಮಲ್ಲಿ ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ನಿಯಮ ಮಾಡಿತು. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದರೆ ಕಿಲೋಗೆ 90 ಮಿಲಿಗ್ರಾಂ ಮೀರಬಾರದು ಎಂಬ ಈ ಮಿತಿ ಜಾರಿಯಾದದ್ದು ನವೆಂಬರ್ 2017ರಿಂದ. ಅದಕ್ಕೂ ಮೊದಲು ಎನಾಮಲ್ ಬಳಿದ ಬಾಗಿಲಾದರೆ ಸೀಸ ಇದೆ ಎಂದೇ ಎಣಿಸಿ ಕೆಲಸ ಮಾಡುವುದು ಕ್ಷೇಮ. ಕಣ್ಣಿಗೆ ಕಂಡೋ ವಾಸನೆ ನೋಡಿಯೋ ಅದು ತಿಳಿಯುವುದಿಲ್ಲ.

ಅಂದಹಾಗೆ, ಹಳೆ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿನ ಕೆಂಪು ಕಬ್ಬಿಣದ ಆಕ್ಸೈಡ್‌ನದು, ಸೀಸದ್ದಲ್ಲ. ಬರಿ ಸುಣ್ಣ ಬಳಿದ ಗೋಡೆಗೂ ಈ ಭಯ ಬೇಡ.

ಬೆಲ್ಲ, ಟವೆಲ್ ಏಕೆ ಸಾಲದು?

ಬೆಲ್ಲ ಹೋಗುವುದು ಹೊಟ್ಟೆಗೆ, ಉಸಿರಲ್ಲಿ ಎಳೆದ ಧೂಳು ಕೂರುವುದು ಶ್ವಾಸಕೋಶದಲ್ಲಿ. ಒಂದನ್ನು ತಿಂದರೆ ಇನ್ನೊಂದು ಹೊರಬರುವುದಿಲ್ಲ. ಗಂಟಲ ಕಿರಿಕಿರಿ ಸ್ವಲ್ಪ ಕಡಿಮೆಯಾದಂತೆ ಅನಿಸಬಹುದು, ಅಷ್ಟೇ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಚೆನ್ನಾಗಿರುವ ಊಟ ಮಾಡುವವರ ದೇಹ ಸೀಸವನ್ನು ಕಡಿಮೆ ಹೀರುತ್ತದೆ ಎನ್ನುವುದು ನಿಜ. ಆದರೆ ಒಳಗೆ ಸೇರಿಹೋದ ಸೀಸವನ್ನು ಬೆಲ್ಲವೂ ಹಾಲೂ ತೊಳೆಯಲಾರವು. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಮೂಳೆ, ಹಲ್ಲುಗಳಲ್ಲಿ ಕೂಡಿಡುತ್ತದೆ. ಗರ್ಭಿಣಿಯರಲ್ಲಿ ಅದು ಮೂಳೆಯಿಂದ ಹೊರಬಂದು ಮಗುವನ್ನು ತಲುಪಬಲ್ಲದು.

ಟವೆಲ್‌ನ ನೇಯ್ಗೆಯ ಸಂದುಗಳಲ್ಲಿ ಸಣ್ಣ ಧೂಳು ಸಲೀಸಾಗಿ ನುಸುಳುತ್ತದೆ. ಮೂಗು, ಗಲ್ಲಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು.

ನಿಜವಾದ ಚಿಂತೆ ಉಜ್ಜುವವರದ್ದಷ್ಟೇ ಅಲ್ಲ. ಧೂಳು ನೆಲಕ್ಕೆ ಇಳಿಯುತ್ತದೆ, ಮಗು ಅದೇ ನೆಲದಲ್ಲಿ ಅಂಬೆಗಾಲಿಟ್ಟು ಕೈ ಬಾಯಿಗೆ ಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ ಎಂದೂ ಅದು ಹೇಳುತ್ತದೆ. ಹಾನಿ ಆಗುವುದು ಬೆಳೆಯುತ್ತಿರುವ ಮೆದುಳಿಗೆ: ಕಲಿಕೆ, ಗಮನ, ವರ್ತನೆ. ಜ್ವರದಂತೆ ಇದು ಮೈ ಮೇಲೆ ಕಾಣಿಸುವುದಿಲ್ಲ. ‘ನಮ್ಮ ಕಾಲದಲ್ಲಿ ಹೀಗೇ ಮಾಡುತ್ತಿದ್ದೆವು, ಏನೂ ಆಗಲಿಲ್ಲ’ ಎಂಬ ಮಾತು ಹುಟ್ಟುವುದೂ ಇದರಿಂದಲೇ.

ಹಾಗಾದರೆ ಬಾಗಿಲು ಮುಟ್ಟಲೇಬಾರದೇ?

ಮುಟ್ಟಬಹುದು. ಬಣ್ಣ ಗಟ್ಟಿಯಾಗಿದ್ದರೆ ಕೆರೆಯುವುದೇ ಬೇಡ. ಸೋಪು ನೀರಿನಲ್ಲಿ ಒರೆಸಿ, ವಾಟರ್ ಪೇಪರ್ ಒದ್ದೆ ಮಾಡಿ ಹಗುರವಾಗಿ ಉಜ್ಜಿ, ಮೇಲೆ ಪ್ರೈಮರ್ ಮತ್ತು ಹೊಸ ಪೇಂಟ್ ಹಚ್ಚಿದರೆ ಸೀಸ ಕೆಳಗೇ ಉಳಿಯುತ್ತದೆ. ಕಿಟಕಿಯ ಅಂಚಿನಂತೆ ದಿನವೂ ತಿಕ್ಕಾಡುವ ಜಾಗದಲ್ಲಿ ಮಾತ್ರ ಈ ಉಪಾಯ ಹೆಚ್ಚು ದಿನ ನಿಲ್ಲದು.

ಮರವೇ ಕಾಣಬೇಕು ಎಂಬ ಆಸೆಯಿದ್ದರೆ ಬಾಗಿಲು ಬಿಚ್ಚಿ ಮನೆಯ ಹೊರಗೆ ಒಯ್ಯಿರಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ನೀರು ಚಿಮುಕಿಸುತ್ತ ಕೆರೆದರೆ ಧೂಳು ಏಳುವುದಿಲ್ಲ. ಗ್ರೈಂಡರ್ ಹಚ್ಚಿ ಒಣಗಿದ್ದನ್ನು ಉಜ್ಜುವುದು, ಬ್ಲೋ ಟಾರ್ಚ್‌ನಿಂದ ಸುಡುವುದು ಎರಡೂ ಕೂಡದು. ಸುಟ್ಟರೆ ಸೀಸದ ಹೊಗೆಯೇ ಏಳುತ್ತದೆ. ಪೇಂಟ್ ರಿಮೂವರ್ ತರುವುದಾದರೆ ಡಬ್ಬಿ ಓದಿ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ಗಳನ್ನು ಮುಚ್ಚಿದ ಬಚ್ಚಲಲ್ಲಿ ಬಳಸಿ ಸತ್ತವರಿದ್ದಾರೆ. ಅದರ ಆವಿಯನ್ನು ಎನ್95 ಕೂಡ ತಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಸಣ್ಣ ಧೂಳನ್ನು ಹಿಂದಿನಿಂದ ಮತ್ತೆ ಗಾಳಿಗೆ ಬಿಡುತ್ತದೆ. ಒರೆಸಿದ ನೀರು ಕೈತೋಟಕ್ಕೋ ತುಳಸಿ ಕಟ್ಟೆಗೋ ಬೇಡ, ಟಾಯ್ಲೆಟ್‌ಗೆ ಸುರಿಯಿರಿ. ಹಾಕಿಕೊಂಡ ಬಟ್ಟೆ ಬೇರೆಯಾಗಿ ಒಗೆಯಿರಿ, ಸ್ನಾನ ಮಾಡದೆ ಮಗುವನ್ನು ಎತ್ತಿಕೊಳ್ಳಬೇಡಿ.

ಈಗಾಗಲೇ ಮನೆಯೊಳಗೇ ಉಜ್ಜಿ ಮುಗಿಸಿದ್ದರೆ? ಗಾಬರಿ ಬೇಡ. ನೆಲ, ಕಿಟಕಿ ಹಲಗೆ, ಆಟಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಹಲವು ಸಲ ಒರೆಸಿ. ಮನೆಯಲ್ಲಿ ಚಿಕ್ಕ ಮಕ್ಕಳೋ ಗರ್ಭಿಣಿಯರೋ ಇದ್ದರೆ ವೈದ್ಯರಿಗೆ ವಿಷಯ ಹೇಳಿ, ರಕ್ತದಲ್ಲಿನ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ.